ಮುಚ್ಚಿದ ಪಾಕೀಟಿನ ದೋಷಕ್ಕೆ ಕೊಂಡವರು ಹೊಣೆಯೇ?

‘ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.’ ಮಿಕ್ಸರ್ ಕೊಳ್ಳಲಿ, ಪಂಪ್‌ಸೆಟ್ ಕೊಳ್ಳಲಿ, ಬಿತ್ತನೆ ಬೀಜ ಕೊಳ್ಳಲಿ, ಬಿಲ್ಲಿನ ತಳದಲ್ಲಿ ಇಂಥದೊಂದು ಸಾಲು ಅಚ್ಚಾಗಿರುವುದು ನಮ್ಮ ಪೇಟೆಗಳಲ್ಲಿ ತೀರ ಸಾಮಾನ್ಯ. ಎಷ್ಟೋ ಜನ ಅದನ್ನು ಸರ್ಕಾರದ ಆದೇಶವೆಂಬಂತೆ ಓದಿ, ಒಡೆದ ಮಾಲನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗುತ್ತಾರೆ. ದೋಷವಿರುವ ಮಾಲಿನ ಮಟ್ಟಿಗೆ ಆ ಸಾಲಿಗೆ ಕಾನೂನಿನ ಬಲವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷವಿರುವ ಸರಕನ್ನು ಮರಳಿ ಪಡೆಯಲು ನಿರಾಕರಿಸುವುದು, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ಹಣ ಹಿಂದಿರುಗಿಸದಿರುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಅದರ 2ನೇ ಕಲಂ ಹೇಳುತ್ತದೆ. ಬಿಲ್ ಕೊಡದಿರುವುದನ್ನೂ ಅದೇ ಪಟ್ಟಿಗೆ ಸೇರಿಸಿದೆ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂದು ಬಂದವರಿಗೆ ಅಂಗಡಿಯವರು ಆಗುವುದಿಲ್ಲ ಎನ್ನಬಹುದು. ಒಡೆದದ್ದು, ಕೆಟ್ಟದ್ದು, ಹೇಳಿದ್ದಕ್ಕಿಂತ ಬೇರೆಯದು ಕೈಗೆ ಬಂದಾಗ ಹಾಗೆನ್ನಲು ಬರುವುದಿಲ್ಲ. ಇದಕ್ಕಿಂತ ಮುಂದಿನ ಪ್ರಶ್ನೆಯೊಂದಿದೆ, ಜಗಳ ಹುಟ್ಟುವುದು ಅಲ್ಲಿ: ದೋಷ ಮೊದಲೇ ಇತ್ತೋ, ಕೊಂಡ ಮೇಲೆ ಬಂತೋ ಎಂಬುದನ್ನು ಯಾರು ಸಾಬೀತು ಮಾಡಬೇಕು? ತೆರೆದು ನೋಡಲು ಅವಕಾಶವೇ ಇಲ್ಲದೆ ಕೊಂಡ ಸರಕಿನಲ್ಲಿ ಆ ಭಾರದ ದೊಡ್ಡ ಪಾಲು ಮಾರಿದವರ ಮೇಲಿರಬೇಕು ಎಂಬುದು ನನ್ನ ವಾದ. ಕಾನೂನು ಬಹುಮಟ್ಟಿಗೆ ಇದನ್ನೇ ಹೇಳುತ್ತ ಬಂದಿದೆ. ಪೇಟೆಯ ರೂಢಿ ಮಾತ್ರ ಇದಕ್ಕೆ ಉಲ್ಟಾ ನಡೆಯುತ್ತಿದೆ.

ನೋಡಿ ಕೊಳ್ಳುವುದು ಎಂದರೇನು ಎಂಬುದಕ್ಕೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಷ್ಟು ಒಳ್ಳೆಯ ಉದಾಹರಣೆ ಸಿಗಲಾರದು. ದಲಾಲಿ ಅಂಗಡಿಯ ಮುಂದೆ ಚೀಲ ಬಿಚ್ಚಿ ರಾಶಿ ಹಾಕಿರುತ್ತಾರೆ. ಖರೀದಿದಾರ ಬಗ್ಗಿ ರಾಶಿಯ ಒಳಗಿನಿಂದ ಒಂದು ಹಿಡಿ ತೆಗೆಯುತ್ತಾನೆ. ಕಾಯಿ ಮುರಿದು ನೋಡುತ್ತಾನೆ. ಮುರಿಯದೆ ಬಾಗಿದರೆ ತೇವ ಇದೆ ಎಂದು ಲೆಕ್ಕ. ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುತ್ತಾನೆ. ಡಬ್ಬಿಯೋ ಕಡ್ಡಿಯೋ, ಸುಕ್ಕು ಎಷ್ಟು, ಕೆಂಪು ಎಷ್ಟು ಗಾಢ ಎಂದು ಅಳೆದು ಆಮೇಲೆ ಟೆಂಡರ್ ಹಾಕುತ್ತಾನೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಮೆಣಸಿನಕಾಯಿಯ ಹೆಸರೆಲ್ಲ ಅದರ ಬಣ್ಣದ ಮೇಲೆ ನಿಂತಿದೆ, ಆ ಬಣ್ಣವನ್ನು ಖರೀದಿದಾರ ಕಣ್ಣಾರೆ ಕಂಡೇ ದರ ಕಟ್ಟುತ್ತಾನೆ. ನಾಳೆ ಅವನು ಬಂದು ಮಾಲಿನಲ್ಲಿ ಬಿಳಿಗಾಯಿ ಹೆಚ್ಚಿದೆ ಎಂದರೆ ರೈತ ಉತ್ತರ ಕೊಡಬೇಕಾಗಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ಇದನ್ನೇ ಹೇಳುತ್ತದೆ: ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಮಾರಿದವನು ಹೊಣೆಯಲ್ಲ. ಆ ಮಾತನ್ನು ತಿರುಗಿಸಿ ಓದಿದರೆ ಇನ್ನೊಂದು ಅರ್ಥವೂ ಹೊರಡುತ್ತದೆ. ಪರೀಕ್ಷೆಗೆ ಅವಕಾಶವೇ ಇರದಿದ್ದಾಗ, ಅಥವಾ ಎಷ್ಟು ನೋಡಿದರೂ ಕಾಣದ ದೋಷವಿದ್ದಾಗ, ಸರಕು ವ್ಯಾಪಾರಕ್ಕೆ ತಕ್ಕ ಗುಣಮಟ್ಟದ್ದು ಎಂಬ ಭರವಸೆ ಮಾರಾಟದ ಜೊತೆಗೇ ಬರುತ್ತದೆ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಬರೆದು ಕೊಡಬೇಕಾಗಿಲ್ಲ.

ಮನೆ ಬಾಗಿಲಿಗೆ ಬರುವ ಪಾರ್ಸೆಲ್ ಈ ಎರಡನೆಯ ಬಗೆಯದು. ಡೆಲಿವರಿ ಹುಡುಗ ಮೊಬೈಲ್ ಮುಂದೆ ಹಿಡಿದು ಸಹಿ ಕೇಳುತ್ತಾನೆ, ಓಟಿಪಿ ಕೇಳುತ್ತಾನೆ, ಬಾಕ್ಸ್ ಇಟ್ಟು ಹೊರಡುತ್ತಾನೆ. ಒಳಗಿನ ಗಾಜು ಒಡೆದಿರುವುದು ಆಮೇಲೆ ತಿಳಿಯುತ್ತದೆ. ‘ಸಹಿ ಹಾಕಿ ತೆಗೆದುಕೊಂಡಿರಿ, ಮುಗಿಯಿತು’ ಎಂಬ ಉತ್ತರ ಆಗ ಬರುತ್ತದೆ. ಇದು ಸರಿಯಲ್ಲ. ಮೊದಲೇ ನೋಡಿರದ ಸರಕನ್ನು ಪರೀಕ್ಷಿಸಲು ಸಾಕಷ್ಟು ಅವಕಾಶ ಸಿಗುವವರೆಗೆ ಕೊಂಡವರು ಅದನ್ನು ಒಪ್ಪಿಕೊಂಡಂತೆ ಆಗುವುದಿಲ್ಲ ಎಂದು ಅದೇ 1930ರ ಕಾಯ್ದೆಯ 41ನೇ ಕಲಂ ಹೇಳುತ್ತದೆ. ಸಹಿ ಎಂದರೆ ಬಾಕ್ಸ್ ಬಂತು ಎಂಬುದಕ್ಕೆ ಸಾಕ್ಷಿ, ಒಳಗಿನ ಮಾಲು ಸರಿಯಿದೆ ಎಂಬುದಕ್ಕೆ ಅಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ, ತಿರಸ್ಕರಿಸಿದ ಮಾಲನ್ನು ಸ್ವಂತ ಖರ್ಚಿನಲ್ಲಿ ವಾಪಸ್ ಕಳಿಸುವ ಹೊಣೆಯೂ ಕೊಂಡವರದಲ್ಲ. ಬೇಡವೆಂದು ತಿಳಿಸಿದರೆ ಸಾಕು ಎನ್ನುತ್ತದೆ 43ನೇ ಕಲಂ. ಆನ್‌ಲೈನ್ ವ್ಯಾಪಾರಕ್ಕೆಂದೇ 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳು ಇನ್ನೂ ಬಿಡಿಸಿ ಹೇಳಿವೆ. ದೋಷವಿರುವ, ನಕಲಿಯಾದ, ಜಾಹೀರಾತಿನಲ್ಲಿ ತೋರಿಸಿದಂತೆ ಇರದ ಮಾಲನ್ನು ಮರಳಿ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ದೂರು ಬಂದ 48 ಗಂಟೆಯೊಳಗೆ ಕಂಪನಿಯ ಕುಂದುಕೊರತೆ ಅಧಿಕಾರಿ ಅದು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಬಾಕ್ಸ್ ತೆರೆಯುವಾಗ ವಿಡಿಯೋ ಮಾಡಿಟ್ಟುಕೊಳ್ಳಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ, ಮಾಡಿಟ್ಟುಕೊಳ್ಳುವುದು ಒಳ್ಳೆಯದೇ. ಆದರೆ ಅದು ಕಾಯ್ದೆ ಹಾಕಿದ ಷರತ್ತಲ್ಲ. ಪ್ಯಾಕ್ ಮಾಡಿದವರ ಬಳಿ ಗೋದಾಮಿನ ದಾಖಲೆಯಿದೆ, ಸಾಗಿಸಿದವರ ಬಳಿ ಪ್ರತಿ ಹಂತದ ಸ್ಕ್ಯಾನ್ ಇದೆ. ಅಷ್ಟೆಲ್ಲ ದಾಖಲೆ ಇಟ್ಟುಕೊಂಡವರು ಯಾವ ದಾಖಲೆಯೂ ಇಲ್ಲದ ಮನೆಯೊಡತಿಯಿಂದ ಪುರಾವೆ ಕೇಳುವುದು ನ್ಯಾಯವಾಗಿ ಕಾಣುವುದಿಲ್ಲ. ಕೊಂಡವರಿಂದ ಕೇಳಬಹುದಾದದ್ದು ಒಂದೇ: ತಡಮಾಡದೆ, ಅದೇ ದಿನವೋ ಮರುದಿನವೋ, ಫೋಟೊ ಸಮೇತ ಬರೆದು ತಿಳಿಸಬೇಕು. ಸಾಕಷ್ಟು ಸಮಯ ಕಳೆದರೂ ಏನೂ ಹೇಳದೆ ಇಟ್ಟುಕೊಂಡರೆ ಒಪ್ಪಿಕೊಂಡಂತೆ ಎಂದು 1930ರ ಕಾಯ್ದೆಯೇ ಭಾವಿಸುತ್ತದೆ.

ಪಾರ್ಸೆಲ್ಲಿನ ವಿಷಯ ಇಷ್ಟಕ್ಕೆ ಸಾಕು. ಹಾವೇರಿ ಜಿಲ್ಲೆಯಲ್ಲಿ ಇದಕ್ಕಿಂತ ಹೆಚ್ಚು ಹೊಟ್ಟೆ ಉರಿಸುವುದು ಬಿತ್ತನೆ ಬೀಜ. ರಾಣೆಬೆನ್ನೂರು ಬೀಜದ ವ್ಯಾಪಾರಕ್ಕೂ ಹೈಬ್ರಿಡ್ ಬೀಜೋತ್ಪಾದನೆಗೂ ಹೆಸರಾದ ಊರು. ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಟೊಮೆಟೊ ಎಂದು ರೈತರು ಮುಂಗಾರಿನ ಮುಂಚೆ ಅಲ್ಲಿಂದ ಬೀಜ ಒಯ್ಯುತ್ತಾರೆ. ಬೀಜದ ಪಾಕೀಟು ಮುಚ್ಚಿಯೇ ಇರುತ್ತದೆ, ಮುಚ್ಚಿರಲೂ ಬೇಕು. ಸೀಲು ಒಡೆದ ಪಾಕೀಟನ್ನು ರೈತರೇ ಮುಟ್ಟುವುದಿಲ್ಲ. ಹಾಗಾಗಿ ಅವರು ನಿಜವಾಗಿ ಕೊಳ್ಳುವುದು ಅದರ ಮೇಲಿನ ಚೀಟಿಯಲ್ಲಿರುವ ಮಾತನ್ನು. ತಳಿಯ ಹೆಸರು, ಲಾಟ್ ನಂಬರ್, ಪರೀಕ್ಷೆ ಮಾಡಿದ ದಿನಾಂಕ, ಯಾವ ತಾರೀಖಿನವರೆಗೆ ಬಿತ್ತಬಹುದು, ಶೇಕಡಾ ಎಷ್ಟು ಮೊಳೆಯುತ್ತದೆ, ತಳಿಶುದ್ಧತೆ ಎಷ್ಟು ಎಂದೆಲ್ಲ ಅದರಲ್ಲಿ ಇರುತ್ತದೆ. ಮೊಳಕೆಗೆ ಕನಿಷ್ಠ ಮಟ್ಟವನ್ನು ಸರ್ಕಾರವೇ ಗೊತ್ತುಮಾಡಿದೆ: ಸೋಯಾಬೀನ್‌ಗೆ ಶೇ 70, ಗೋವಿನಜೋಳದ ಹೈಬ್ರಿಡ್‌ಗೆ ಶೇ 90, ಮೆಣಸಿನಕಾಯಿಗೆ ಶೇ 60. ಚೀಟಿಯ ಅಂಕಿ ಸುಳ್ಳೆಂದು ತಿಳಿಯುವುದು ಬಿತ್ತಿ ವಾರ ಹತ್ತು ದಿನ ಕಳೆದ ಮೇಲೆ. ತಳಿ ಬೆರಕೆಯೆಂದು ತಿಳಿಯುವುದು ಹೂವೋ ಕಾಯೋ ಬಿಟ್ಟಾಗ. ಅಷ್ಟು ಹೊತ್ತಿಗೆ ಕೊಂಡ ಮಾಲು ಮಣ್ಣಿನಲ್ಲಿ ಕರಗಿಹೋಗಿರುತ್ತದೆ. ವಾಪಸ್ ಕೊಡೋಣವೆಂದರೆ ಕೊಡಲು ಏನೂ ಉಳಿದಿರುವುದಿಲ್ಲ, ಪ್ರಯೋಗಾಲಯಕ್ಕೆ ಕಳಿಸಲು ಒಂದು ಕಾಳೂ ಇರುವುದಿಲ್ಲ.

ಇಲ್ಲಿಯೇ ಬಹಳ ವರ್ಷ ಕಂಪನಿಗಳು ಗೆಲ್ಲುತ್ತಿದ್ದವು. ದೋಷವನ್ನು ಪ್ರಯೋಗಾಲಯದಲ್ಲಿ ತೋರಿಸಬೇಕು ಎನ್ನುತ್ತದೆ ಗ್ರಾಹಕ ಕಾಯ್ದೆ, ನಿಮ್ಮ ಬಳಿ ಸ್ಯಾಂಪಲ್ ಇಲ್ಲ, ಹಾಗಾದರೆ ದೂರು ವಜಾ ಮಾಡಿ ಎಂಬುದು ಅವುಗಳ ವಾದ. 2012ರ ಜನವರಿ 16ರಂದು ಸುಪ್ರೀಂ ಕೋರ್ಟ್ ಈ ವಾದಕ್ಕೆ ತೆರೆ ಎಳೆಯಿತು. ಆಂಧ್ರದ ರೈತರು ರಾಷ್ಟ್ರೀಯ ಬೀಜ ನಿಗಮದ ಮೇಲೆ ಹೂಡಿದ್ದ ಪ್ರಕರಣ ಅದು. ಬೀಜ ಕೊಂಡ ರೈತ ಎಲ್ಲವನ್ನೂ ಬಿತ್ತಲೆಂದೇ ಕೊಳ್ಳುತ್ತಾನೆ. ಮುಂದೆ ಮೋಸವಾಗಬಹುದೆಂದು ಊಹಿಸಿ ಒಂದು ಪಾಲು ಎತ್ತಿಡುತ್ತಾನೆಂದು ನಿರೀಕ್ಷಿಸಲಾಗದು ಎಂದಿತು ಕೋರ್ಟ್. 1998ರಲ್ಲಿ ಇನ್ನೊಂದು ಬೀಜ ಕಂಪನಿಯ ಪ್ರಕರಣದಲ್ಲೂ ಅದೇ ಮಾತು ಬಂದಿತ್ತು. 2012ರ ತೀರ್ಪು 1968ರ ಬೀಜ ನಿಯಮಗಳ ಕಡೆಗೂ ಬೆರಳು ತೋರಿಸಿತು. ಆ ನಿಯಮಗಳ ಪ್ರಕಾರ ಬೀಜ ಮಾರುವವರು ಪ್ರತಿ ಲಾಟಿನ ಪೂರ್ಣ ದಾಖಲೆಯನ್ನು ಮೂರು ವರ್ಷ ಇಡಬೇಕು. ಲಾಟಿನ ಸ್ಯಾಂಪಲ್ಲನ್ನು ಆ ಲಾಟು ಪೂರ್ತಿ ಮಾರಾಟವಾದ ಮೇಲೂ ಒಂದು ವರ್ಷ ಬಿಸಾಡುವಂತಿಲ್ಲ. ಅಂದಮೇಲೆ ಪುರಾವೆ ಇರಬೇಕಾದ್ದು ಮಾರಿದವರ ಕಪಾಟಿನಲ್ಲಿ. ತಮ್ಮ ಬೀಜ ಚೆನ್ನಾಗಿತ್ತೆಂದು ಅವರಿಗೆ ನಂಬಿಕೆಯಿದ್ದರೆ ಅದನ್ನು ತಂದು ಪರೀಕ್ಷೆಗೆ ಕೊಡಲಿ. ರಾಣೆಬೆನ್ನೂರು ಸುತ್ತಲಿನ ಬೀಜೋತ್ಪಾದಕ ರೈತರಿಗೆ ಇದೇ ತೀರ್ಪಿನ ಇನ್ನೊಂದು ಭಾಗ ಮುಖ್ಯ. ಕಂಪನಿಗೇ ಬೆಳೆ ಮರಳಿ ಕೊಡುವ ಒಪ್ಪಂದ ಮಾಡಿಕೊಂಡ ಮಾತ್ರಕ್ಕೆ ರೈತ ವ್ಯಾಪಾರಿಯಾಗುವುದಿಲ್ಲ, ಅವನೂ ಗ್ರಾಹಕನೇ. ಒಪ್ಪಂದದಲ್ಲಿ ಪಂಚಾಯ್ತಿಕೆಯ ಷರತ್ತಿದ್ದರೂ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚುವುದಿಲ್ಲ ಎಂದು ಕೋರ್ಟ್ ಹೇಳಿತು. ಈ ದಾರಿ ಎಷ್ಟು ಅಗತ್ಯವೆಂದು ತಿಳಿಯಲು 1966ರ ಬೀಜ ಕಾಯ್ದೆಯ 19ನೇ ಕಲಂ ಓದಿದರೆ ಸಾಕು. ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ಅದು ಸರ್ಕಾರದ ಖಜಾನೆಗೆ ಹೋಗುತ್ತದೆ, ಬೆಳೆ ಕಳೆದುಕೊಂಡವರಿಗೆ ಆ ಕಾಯ್ದೆಯಡಿ ಬಿಡಿಗಾಸೂ ಇಲ್ಲ.

ಬೀಜ ವ್ಯಾಪಾರಿಗಳ ಕಡೆಯ ಮಾತಿನಲ್ಲೂ ಹುರುಳಿದೆ. ಮಳೆ ಕೈಕೊಟ್ಟಿರಬಹುದು, ಬೀಜ ಆಳಕ್ಕೆ ಬಿದ್ದಿರಬಹುದು, ಹೊಲದಲ್ಲಿ ನೀರು ನಿಂತಿರಬಹುದು, ಕಳೆನಾಶಕ ಹೆಚ್ಚಾಗಿರಬಹುದು. ಬೆಳೆ ಹೋದದ್ದಕ್ಕೆಲ್ಲ ಬೀಜವನ್ನೇ ದೂರಿದರೆ ಹೇಗೆ ಎಂಬುದು ಅವರ ಪ್ರಶ್ನೆ. 2005ರಲ್ಲಿ ಹರಿಯಾಣ ಬೀಜ ಅಭಿವೃದ್ಧಿ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತ್ತು. ಬೆಳೆ ಏರುಪೇರಾದ ಮಾತ್ರಕ್ಕೆ ಬೀಜ ಕಳಪೆ ಎನ್ನಲಾಗದು, ತಜ್ಞರ ವರದಿಯಲ್ಲಿ ಹಾಗೆ ಸ್ಪಷ್ಟವಾಗಿ ಇರಬೇಕು ಎಂದಿತ್ತು. ಇದು ನ್ಯಾಯವಾದ ಎಚ್ಚರಿಕೆ. ಇಳುವರಿ ಕಡಿಮೆಯಾಯಿತು ಎಂಬ ದೂರನ್ನು ಬೀಜದ ತಲೆಗೆ ಕಟ್ಟುವುದು ಕಷ್ಟ, ಕಟ್ಟಲೂ ಬಾರದು. ಆದರೆ ಮೊಳೆಯದಿರುವುದು, ಸಾಲಿನ ತುಂಬ ಬೆರಕೆ ಗಿಡ ಬರುವುದು ಬೇರೆಯೇ ಬಗೆಯ ದೂರು. ಮಳೆ ಕಡಿಮೆಯಾದರೆ ಗಿಡ ಸೊರಗಬಹುದು, ಒಂದು ತಳಿ ಇನ್ನೊಂದು ತಳಿಯಾಗುವುದಿಲ್ಲ. ಹೊಲದ ತಪ್ಪೋ ಬೀಜದ ತಪ್ಪೋ ಎಂದು ಬೇರ್ಪಡಿಸಲು ಲಾಟ್ ನಂಬರಿನಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಒಂದೇ ಲಾಟಿನ ಬೀಜ ಎರೆಹೊಲದಲ್ಲೂ ಮಸಾರಿಯಲ್ಲೂ ಮೊಳೆಯದೆ, ಪಕ್ಕದ ಹೊಲದಲ್ಲಿ ಅದೇ ದಿನ ಬಿತ್ತಿದ ಬೇರೆ ಲಾಟಿನದು ಮೊಳೆತಿದ್ದರೆ ಮಣ್ಣನ್ನೂ ಮಳೆಯನ್ನೂ ದೂರಿ ಪ್ರಯೋಜನವಿಲ್ಲ. ಇದಕ್ಕಾಗಿಯೇ ರೈತರು ಒಬ್ಬೊಬ್ಬರಾಗಿ ಅಲೆಯುವುದಕ್ಕಿಂತ ಒಂದೇ ಲಾಟು ಕೊಂಡವರು ಕೂಡಿ ದೂರು ಕೊಡುವುದು ಮೇಲು. ಗ್ರಾಹಕ ಆಯೋಗದ ಅನುಮತಿ ಪಡೆದು ಒಂದೇ ಹಿತವುಳ್ಳವರು ಒಟ್ಟಾಗಿ ದೂರು ಸಲ್ಲಿಸಲು 2019ರ ಕಾಯ್ದೆಯ 35ನೇ ಕಲಂನಲ್ಲಿ ಅವಕಾಶವಿದೆ. ಬಿತ್ತುವ ಮುಂಚೆ ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನ ಮೇಲೆ ಸಾಲಾಗಿ ಹರಡಿ, ಸುತ್ತಿ ನೆರಳಿನಲ್ಲಿಟ್ಟು, ದಿನಾ ನೀರು ಚಿಮುಕಿಸಿ, ಎಷ್ಟು ಮೊಳಕೆ ಒಡೆದವೆಂದು ನೋಡುವ ಹಳೆಯ ರೂಢಿಯೂ ಇದೆ. ಕೃಷಿ ಇಲಾಖೆಯವರು ವರ್ಷವೂ ಇದನ್ನು ಹೇಳುತ್ತಾರೆ. ಅದನ್ನು ಮಾಡುವುದು ಜಾಣತನ. ಮಾಡದಿದ್ದರೆ ಹಕ್ಕು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಮಾತ್ರ ಒಪ್ಪಬೇಕಾಗಿಲ್ಲ.

ತಜ್ಞರ ವರದಿಯನ್ನು ರೈತ ಎಲ್ಲಿಂದ ತರಬೇಕು? ಬೀಜ ನಿಯಮಗಳ 23-ಎ ಇದಕ್ಕೆ ದಾರಿ ಮಾಡಿದೆ. ಬೆಳೆ ಹಾಳಾದದ್ದು ಬೀಜದ ದೋಷದಿಂದ ಎಂದು ರೈತ ಲಿಖಿತವಾಗಿ ದೂರಿದರೆ ಬೀಜ ಪರಿವೀಕ್ಷಕರು ಪಾಕೀಟು, ಚೀಟಿ, ಉಳಿದ ಬೀಜವಿದ್ದರೆ ಅದನ್ನೂ ವಶಕ್ಕೆ ಪಡೆದು, ಲಾಟಿನ ಸ್ಯಾಂಪಲ್ಲನ್ನು ರಾಜ್ಯದ ಬೀಜ ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿ, ಕಾರಣ ಹುಡುಕಿ ವರದಿ ಕೊಡಬೇಕು. ಇದು ಅವರ ಕರ್ತವ್ಯ, ರೈತರಿಗೆ ಮಾಡುವ ಉಪಕಾರವಲ್ಲ. ಜಿಲ್ಲೆಯಲ್ಲಿ ತಜ್ಞರಿಗೂ ಕೊರತೆಯಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ, ಹಾವೇರಿಯ ಪಕ್ಕದ ದೇವಿಹೊಸೂರಿನಲ್ಲಿ ತೋಟಗಾರಿಕೆ ವಿಜ್ಞಾನಿಗಳಿದ್ದಾರೆ. ತೊಂದರೆ ಇರುವುದು ಹೊತ್ತಿನದು. ಹೊಲ ಹಸಿರಾಗಿರುವಾಗ ಬಂದು ನೋಡಿದರೆ ಬೆರಕೆ ಗಿಡ ಎಣಿಸಬಹುದು. ರೈತ ಬೇಸತ್ತು ಹರಗಿ ಬೇರೆ ಬೆಳೆ ಹಾಕಿದ ಮೇಲೆ ಬಂದರೆ ನೋಡಲು ಏನಿರುತ್ತದೆ? ಬಾಯಿಮಾತಿನ ದೂರನ್ನು ಅಂಗಡಿಯಲ್ಲಿ ಹೇಳಿ ‘ಕಂಪನಿಯವರು ಬರುತ್ತಾರೆ, ಕಾಯಿರಿ’ ಎಂಬ ಉತ್ತರಕ್ಕೆ ಒಪ್ಪಿ ಮೂರು ವಾರ ಕಳೆಯುವಲ್ಲಿಯೇ ಹಲವು ಒಳ್ಳೆಯ ದೂರುಗಳು ಬಿದ್ದುಹೋಗುತ್ತವೆ. ಮೊಳೆಯಲಿಲ್ಲ ಎಂದು ಕಂಡ ದಿನವೇ ರೈತ ಸಂಪರ್ಕ ಕೇಂದ್ರಕ್ಕೆ ಬರೆದು ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಖಾಲಿ ಪಾಕೀಟನ್ನು ಬದುವಿನ ಮೇಲೆ ಬಿಸಾಡದೆ ಬಿಲ್ಲಿನ ಜೊತೆ ಜೋಪಾನ ಮಾಡಬೇಕು.

ಬೀಜದ ಹಣ ವಾಪಸ್ ಕೊಟ್ಟರಾಯಿತಲ್ಲ, ಅದಕ್ಕಿಂತ ಹೆಚ್ಚು ಕೇಳುವುದು ಅತಿಯಲ್ಲವೇ ಎಂಬ ಮಾತೂ ಉಂಟು. ಹಾವೇರಿಯಲ್ಲಿ ಕೂತು ಈ ಮಾತನ್ನು ಹೇಳುವವರು 2008ರ ಜೂನ್ 10ನ್ನು ನೆನೆಯಬೇಕು. ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಅಂದು ಇದೇ ಊರಿನಲ್ಲಿ ಗೋಲಿಬಾರ್ ಆಗಿ ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಜೂನ್ ತಿಂಗಳ ಒಂದು ವಾರಕ್ಕೆ ಮಳೆಯಾಶ್ರಿತ ರೈತರ ಬದುಕಿನಲ್ಲಿ ಎಷ್ಟು ಬೆಲೆ ಎಂಬುದನ್ನು ಅದಕ್ಕಿಂತ ಕಟುವಾಗಿ ಹೇಳಲು ಬರುವುದಿಲ್ಲ. ಬೀಜ ಕೈಕೊಟ್ಟಾಗ ರೈತ ಕಳೆದುಕೊಳ್ಳುವುದು ಪಾಕೀಟಿನ ಬೆಲೆಯ ಜೊತೆಗೆ ರಂಟೆ, ಗೊಬ್ಬರ, ಆಳಿನ ಖರ್ಚನ್ನು, ಕೊನೆಗೆ ಹದವನ್ನೂ. ಹದ ಹೋದ ಮೇಲೆ ಹೊಸ ಬೀಜ ಬಿಟ್ಟಿ ಕೊಟ್ಟರೂ ಅದು ಅದೇ ಬೆಳೆ ಕೊಡುವುದಿಲ್ಲ. ಗ್ರಾಹಕ ಕಾಯ್ದೆಯ 39ನೇ ಕಲಂ ಕೊಟ್ಟ ಬೆಲೆಯನ್ನು ಬಡ್ಡಿ ಸಮೇತ ಹಿಂದಿರುಗಿಸುವುದರ ಜೊತೆಗೆ, ಮಾರಿದವರ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಪರಿಹಾರ ಕೊಡಿಸುವ ಅಧಿಕಾರವನ್ನೂ ಆಯೋಗಕ್ಕೆ ಕೊಟ್ಟಿರುವುದು ಇದಕ್ಕಾಗಿಯೇ.

ಅಂಗಡಿಯವರ ಅಳಲೂ ಸುಳ್ಳಲ್ಲ. ಕಂಪನಿ ಸೀಲು ಹಾಕಿ ಕಳಿಸಿದ್ದನ್ನು ನಾವು ಹಾಗೆಯೇ ಮಾರಿದೆವು, ಒಳಗೇನಿದೆ ಎಂದು ನಮಗೂ ಕಾಣುವುದಿಲ್ಲ, ಕಮಿಷನ್ ನಾಲ್ಕು ಕಾಸು, ಪರಿಹಾರ ಲಕ್ಷಗಟ್ಟಲೆ ಎಂದರೆ ಬಾಗಿಲು ಹಾಕಬೇಕಾಗುತ್ತದೆ ಎನ್ನುತ್ತಾರೆ. ಈ ಮಾತು ನಿಜವಾದ್ದರಿಂದಲೇ ದೂರಿನಲ್ಲಿ ತಯಾರಕ ಕಂಪನಿಯನ್ನು ಎದುರುದಾರರನ್ನಾಗಿ ಸೇರಿಸಬೇಕು. ತಯಾರಿಕೆಯ ದೋಷಕ್ಕೆ ತಯಾರಕರೇ ಹೊಣೆ ಎಂಬುದನ್ನು 2019ರ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ ಸ್ಪಷ್ಟಪಡಿಸಿದೆ. ಅಂಗಡಿಯವರು ಪಕ್ಕಾ ಬಿಲ್ ಕೊಟ್ಟು ಅದರಲ್ಲಿ ಲಾಟ್ ನಂಬರ್ ಬರೆದಷ್ಟೂ ಅವರಿಗೇ ರಕ್ಷಣೆ. ಬಿಳಿ ಚೀಟಿಯಲ್ಲಿ ಬರೆದು ಕೊಟ್ಟರೆ ಮಾಲು ಎಲ್ಲಿಂದ ಬಂತೆಂದು ಅವರಿಗೂ ತೋರಿಸಲಾಗದು. ಸುಳ್ಳು ದೂರುಗಳ ಭಯವನ್ನೂ ದೊಡ್ಡದು ಮಾಡಬೇಕಾಗಿಲ್ಲ. ಪ್ರಯೋಗಾಲಯದ ಶುಲ್ಕವನ್ನು ದೂರುದಾರರಿಂದ ಮೊದಲು ಕಟ್ಟಿಸಿಕೊಳ್ಳಬಹುದು, ವರದಿ ವಿರುದ್ಧ ಬಂದರೆ ಆ ಹಣ ಅವರದೇ ನಷ್ಟ.

ಗ್ರಾಹಕ ಕಾಯ್ದೆಯ ಈ ಆಸರೆಯಿಂದ ಹೊರಗೆ ಉಳಿಯುವವರೂ ಇದ್ದಾರೆ. ಮರುಮಾರಾಟಕ್ಕೆ ಕೊಂಡವರು, ದೊಡ್ಡ ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ. ಬ್ಯಾಡಗಿಯಿಂದ ಹೊರಟ ಮೆಣಸಿನಕಾಯಿ ಲಾರಿಯಲ್ಲಿ ನೆನೆದು ಬೂಸ್ಟು ಹಿಡಿದರೆ ವರ್ತಕರು 2007ರ ರಸ್ತೆ ಸಾಗಣೆ ಕಾಯ್ದೆಯ ದಾರಿ ಹಿಡಿಯಬೇಕು. ಅಲ್ಲಿ ಸಾಗಣೆದಾರರ ನಿರ್ಲಕ್ಷ್ಯವನ್ನು ಸಾಬೀತು ಮಾಡುವ ಹೊರೆ ಮಾಲಿನ ಒಡೆಯರ ಮೇಲಿಲ್ಲ, ಆದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು.

ಉಳಿದ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದದ್ದು: ಹಕ್ಕೇನೋ ಇದೆ, ಹಣ ಕೈಗೆ ಬರುವಷ್ಟರಲ್ಲಿ ವರ್ಷಗಳು ಉರುಳುತ್ತವೆ. ಗ್ರಾಹಕ ಕಾಯ್ದೆಯಲ್ಲಿ ಮೂರು ತಿಂಗಳು, ಪ್ರಯೋಗಾಲಯ ಬೇಕಾದರೆ ಐದು ತಿಂಗಳು ಎಂದಿದೆ. ನಡೆಯುವುದು ಹಾಗಲ್ಲ, ಗ್ರಾಹಕ ಆಯೋಗಗಳಲ್ಲಿ ಖಾಲಿ ಬಿದ್ದ ಹುದ್ದೆಗಳನ್ನು ತುಂಬಿಸಲು 2021ರಲ್ಲಿ ಸುಪ್ರೀಂ ಕೋರ್ಟ್ ತಾನೇ ಮುಂದಾಗಿ ಪ್ರಕರಣ ಎತ್ತಿಕೊಳ್ಳಬೇಕಾಯಿತು. ಆದರೂ ದಾರಿ ಮೊದಲಿಗಿಂತ ಹತ್ತಿರವಾಗಿದೆ. ಮಾರಿದವರು ದೆಹಲಿಯಲ್ಲಿರಲಿ ಹೈದರಾಬಾದಿನಲ್ಲಿರಲಿ, ಕೊಂಡವರು ತಾವಿರುವ ಜಿಲ್ಲೆಯಲ್ಲಿಯೇ, ಅಂದರೆ ಹಾವೇರಿಯ ಆಯೋಗದಲ್ಲಿಯೇ ದೂರು ಕೊಡಬಹುದು. ಮಾಲಿಗೆ ಕೊಟ್ಟ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ, ಎರಡು ವರ್ಷದೊಳಗೆ ಸಲ್ಲಿಸಿದರಾಯಿತು. ಅದಕ್ಕೂ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ದೂರು ದಾಖಲಿಸಬಹುದು. ಪಾರ್ಸೆಲ್ಲಿನಂಥ ಸಣ್ಣ ಜಗಳಗಳಿಗೆ ಮೊದಲು ಹಿಡಿಯಬೇಕಾದ ದಾರಿ ಅದೇ. ಆಯೋಗದ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಎಂದು 72ನೇ ಕಲಂ ಹೇಳುತ್ತದೆ. ಇಷ್ಟಾದರೂ ಬೀಜದ ವಿಷಯದಲ್ಲಿ ಆಯೋಗದ ಮೆಟ್ಟಿಲು ಕೊನೆಯ ದಾರಿಯಾಗಬೇಕು, ಮೊದಲನೆಯದು ಕೃಷಿ ಇಲಾಖೆಯಲ್ಲಿಯೇ ತೆರೆಯಬೇಕು. ಹೋಬಳಿಯ ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ಬೀಜದ ದೂರುಗಳನ್ನು ಲಾಟ್ ನಂಬರಿನ ಪ್ರಕಾರ ಬರೆದಿಡುವ ಒಂದು ವಹಿ ಇರಲಿ, ಆ ವಹಿಗಳು ವಾರಕ್ಕೊಮ್ಮೆ ಜಿಲ್ಲಾ ಕಚೇರಿಯಲ್ಲಿ ಒಂದೆಡೆ ಸೇರಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ದೊಡ್ಡ ಖರ್ಚೂ ಇಲ್ಲ. ರಾಣೆಬೆನ್ನೂರಿನ ಮೂರು ಊರು, ಬ್ಯಾಡಗಿಯ ಎರಡು ಊರುಗಳಿಂದ ಒಂದೇ ಲಾಟಿನ ಮೇಲೆ ದೂರು ಬಂದದ್ದು ಆಗ ಜೂನ್ ಮುಗಿಯುವುದರೊಳಗೇ ಕಣ್ಣಿಗೆ ಬೀಳುತ್ತದೆ. ಶಂಕೆಯಿರುವ ದಾಸ್ತಾನನ್ನು 30 ದಿನದವರೆಗೆ ಮಾರದಂತೆ ತಡೆಯುವ ಅಧಿಕಾರ ಬೀಜ ಕಾಯ್ದೆಯ 14ನೇ ಕಲಂ ಪ್ರಕಾರ ಪರಿವೀಕ್ಷಕರಿಗೆ ಈಗಾಗಲೇ ಇದೆ. ಅಂಗಡಿಯಲ್ಲಿ ಉಳಿದ ಅದೇ ಲಾಟಿನ ಪಾಕೀಟುಗಳನ್ನು ಅವರು ಅಂದೇ ಸ್ಯಾಂಪಲ್ ತೆಗೆದು ಮುಚ್ಚಿಡಬಹುದು.